ಅಂಗಳದ ಕಲ್ಲಿನ ಸಂದಿಗೆ ಏನು ತುಂಬಿಸುವುದು, ಯಾವ ಬಣ್ಣದಲ್ಲಿ?

ಕಲ್ಲು ಆರಿಸಲು ಮನೆಮಂದಿಯೆಲ್ಲ ಸೇರಿ ನಾಲ್ಕು ಅಂಗಡಿ ಸುತ್ತುತ್ತಾರೆ. ಸಂದಿನ ಮಾತು ಬರುವುದು ಮಾತ್ರ ಹಾಸುವ ಕೆಲಸ ಮುಗಿದ ಸಂಜೆ, ಮೇಸ್ತ್ರಿ ಕೈಕಾಲು ತೊಳೆಯುತ್ತ “ಗ್ಯಾಪಿಗೆ ಎಂಥ ಹಾಕುವುದು, ಯಾವ ಕಲರು?” ಎಂದು ಕೇಳಿದಾಗ. ಅಷ್ಟು ಹೊತ್ತಿಗೆ ಕೈಯ ದುಡ್ಡೂ ಮುಗಿದಿರುತ್ತದೆ, ತಾಳ್ಮೆಯೂ. “ಚಂದ ಕಾಣುವಂಥದ್ದು ಏನಾದರೂ ಹಾಕಿ” ಎಂದುಬಿಡುತ್ತಾರೆ. ಎರಡು ಮಳೆಗಾಲ ಕಳೆದ ಮೇಲೆ ಕಾಸರಗೋಡಿನ ಅಂಗಳಗಳಲ್ಲಿ ಕಾಣುವ ಒಡಕು, ಪಾಚಿ, ಅಲ್ಲಾಡುವ ಕಲ್ಲುಗಳಲ್ಲಿ ಬಹಳಷ್ಟು ಆ ಒಂದು ಉತ್ತರದಿಂದ ಹುಟ್ಟಿದವು.

ಇಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಯಾವ ವಸ್ತು ಎಂಬುದು ಕಲ್ಲಿನ ಅಡಿಯಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಯಾವ ಬಣ್ಣ ಎಂಬುದು ಕಲ್ಲಿನ ಮೇಲೆ ಏನು ಬೀಳುತ್ತದೆ ಎಂಬುದರ ಮೇಲೆ. ಪ್ಯಾಕೆಟ್ಟಿನ ಮೇಲಿನ ಚಿತ್ರಕ್ಕೆ ಎರಡರಲ್ಲೂ ಪಾಲಿಲ್ಲ.

ತೀರ್ಮಾನಕ್ಕೆ ಮೊದಲು ನೋಡಬೇಕಾದ್ದು

ಮೊದಲನೆಯದು ಅಡಿಪಾಯ. ಕಲ್ಲು ಕಾಂಕ್ರೀಟಿನ ಮೇಲೆ ಗಾರೆಯಲ್ಲಿ ಕೂತಿದೆಯೋ, ಬೇಬಿ ಜಲ್ಲಿ (ಸಣ್ಣ ಜಲ್ಲಿ) ಅಥವಾ ಎಂ-ಸ್ಯಾಂಡಿನ (ಕಲ್ಲು ಅರೆದು ಮಾಡಿದ ಮರಳು) ಹಾಸಿನ ಮೇಲೆ ಕೂತಿದೆಯೋ? ಹೊಸ ಕೆಲಸವಾದರೆ ಕೇಳಿದರಾಯಿತು. ಹಳೆಯ ಅಂಗಳವಾದರೆ ಖಾಲಿ ಸಂದಿಗೆ ಒಂದು ಚೆಂಬು ನೀರು ಹೊಯ್ಯಿರಿ. ನೋಡನೋಡುತ್ತ ನೀರು ಇಂಗಿ ಹೋದರೆ ಅಡಿಯಲ್ಲಿ ಮರಳು ಅಥವಾ ಜಲ್ಲಿ. ಹತ್ತು ನಿಮಿಷ ಕಳೆದರೂ ನಿಂತೇ ಇದ್ದರೆ ಕಾಂಕ್ರೀಟು. ಸುತ್ತಿಗೆಯ ಮರದ ಹಿಡಿಯಿಂದ ಕಲ್ಲಿನ ನಾಲ್ಕೂ ಮೂಲೆಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಲ್ಲನ್ನು ಎಬ್ಬಿಸಿ ಮತ್ತೆ ಕೂರಿಸದೆ ಸಂದಿಗೆ ಕೈ ಹಾಕಬೇಡಿ. ಸಂದಿನ ವಸ್ತು ಯಾವುದೇ ಇರಲಿ, ಅಲ್ಲಾಡುವ ಕಲ್ಲನ್ನು ಅದು ಹಿಡಿದು ನಿಲ್ಲಿಸಲಾರದು.

ಎರಡನೆಯದು ಸಂದಿನ ಅಗಲ ಮತ್ತು ಆಳ. 3 ಮಿಲಿಮೀಟರಿನ ಸಂದಿಗೆ ಒಪ್ಪುವುದು 15 ಮಿಲಿಮೀಟರಿಗೆ ಒಪ್ಪುವುದಿಲ್ಲ. ಆಳ ಕಡಿಮೆಯಾದರೆ ಯಾವುದೂ ನಿಲ್ಲುವುದಿಲ್ಲ. ಮೇಲೆ ಬರೇ ಒಂದು ಸೆಂಟಿಮೀಟರ್ ಗಾರೆ ಸವರಿ ಹೋದರೆ ಅದು ಚಿಪ್ಪಿನಂತೆ ಎದ್ದು ಬರುತ್ತದೆ.

ಮೂರನೆಯದು ನೀರು. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. 500 ಚದರಡಿಯ ಅಂಗಳದ ಮೇಲೆ ವರ್ಷದಲ್ಲಿ ಒಂದು ಲಕ್ಷ ಅರವತ್ತು ಸಾವಿರ ಲೀಟರ್ ನೀರು ಬೀಳುತ್ತದೆ ಎಂದಾಯಿತು, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಾಡಿನ ಹಂಚಿನಿಂದ ಧಾರೆಯಾಗಿ ಬೀಳುವ ನೀರು ಬೇರೆ. ಅಂಗಳಕ್ಕೆ ಕನಿಷ್ಠ 80ಕ್ಕೆ 1ರ ಇಳಿಜಾರು ಬೇಕು: 4 ಮೀಟರ್ ಉದ್ದಕ್ಕೆ 5 ಸೆಂಟಿಮೀಟರ್. ಇಷ್ಟು ಇಲ್ಲದಿದ್ದರೆ ನೀರು ಸಂದಿನಲ್ಲೇ ನಿಲ್ಲುತ್ತದೆ; ಆಮೇಲೆ ಯಾವ ವಸ್ತುವನ್ನು ಬೈದೂ ಪ್ರಯೋಜನವಿಲ್ಲ.

ನಾಲ್ಕನೆಯದು, ಅಂಗಳದಲ್ಲಿ ಏನು ನಡೆಯುತ್ತದೆ ಎಂಬುದು. ಪೇಟೆಯ ಮನೆಗೆ ಅಂಗಳವೆಂದರೆ ಕಾರು ನಿಲ್ಲಿಸುವ ಜಾಗ. ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆಯ ತೋಟದ ಮನೆಗೆ ಅದು ಡಿಸೆಂಬರಿನಿಂದ ಮಾರ್ಚಿಯ ತನಕ ಅಡಿಕೆ ಒಣಗುವ ಕಣ. ಗಾರೆ ತಗ್ಗಿ ಕೂತ ಸಂದಿನಲ್ಲಿ ಅಡಿಕೆ ಸಿಕ್ಕಿಬೀಳುವುದಿಲ್ಲ, ಅದು ದೊಡ್ಡದು. ಆದರೆ ಅದೇ ಅಂಗಳದಲ್ಲಿ ಕಾಳುಮೆಣಸು ಹರಡಿದ ದಿನ ಗೊತ್ತಾಗುತ್ತದೆ. ಐದು ಮಿಲಿಮೀಟರಿನ ಕಾಳು ಸಾಲುಸಾಲಾಗಿ ಸಂದಿನೊಳಗೆ ಇಳಿದು ಕೂತಿರುತ್ತದೆ, ಹಿಡಿಸೂಡಿ ಎಳೆದರೆ ಇನ್ನಷ್ಟು ಒಳಗೆ ಹೋಗುತ್ತದೆ, ಕೊನೆಗೆ ಸ್ಕ್ರೂಡ್ರೈವರ್ ಹಿಡಿದು ಕುಕ್ಕರುಗಾಲಲ್ಲಿ ಕೂತು ಕೀಳಬೇಕು. ಸಂದು ಮರಳಿನದ್ದಾದರೆ ಮರಳೂ ಕಾಳಿನ ಜೊತೆ ಗೆರಸೆಗೆ ಬರುತ್ತದೆ.

ಇನ್ನು ಖರ್ಚು. ಇಲ್ಲಿ ಸಾಮಾನಿಗಿಂತ ಕೂಲಿ ದುಬಾರಿ. ಅಗ್ಗದ ವಸ್ತು ತುಂಬಿಸಿ ಎರಡು ವರ್ಷಕ್ಕೆ ಕೆರೆದು ಮತ್ತೆ ತುಂಬಿಸುವುದಾದರೆ ಅಗ್ಗವಾದದ್ದು ಏನೂ ಇಲ್ಲ. ಗಟ್ಟಿ ಗಾರೆ ಕೆರೆಯುವ ಕೂಲಿ ತುಂಬಿಸುವ ಕೂಲಿಯನ್ನೂ ಮೀರುತ್ತದೆ.

ಒಣ ಮರಳು: ಇಂಟರ್‌ಲಾಕಿಗೆ ಇದನ್ನು ಬಿಟ್ಟು ಬೇರೆ ಬೇಡ

ಇಂಟರ್‌ಲಾಕ್ (ಒಂದಕ್ಕೊಂದು ಕೂಡುವ ಕಾಂಕ್ರೀಟ್ ಬ್ಲಾಕು) ಹಾಸಿದವರಿಗೆ ಉತ್ತರ ಸುಲಭ. ಮರಳು ಹಾಸಿನ ಮೇಲೆ ಕೂತ ಬ್ಲಾಕುಗಳು ಒಂದನ್ನೊಂದು ಒತ್ತಿ ಹಿಡಿಯುವುದೇ ಸಂದಿನ ಮರಳಿನಿಂದ. ಚಕ್ರ ಹಾದುಹೋದಾಗ ಅವು ಕೂದಲೆಳೆಯಷ್ಟು ಅಲುಗಬೇಕು, ಅಲುಗಿ ಮತ್ತೆ ಕೂರಬೇಕು. “ಹುಲ್ಲು ಬರುತ್ತದೆ” ಎಂದು ಮೇಲೆ ಸಿಮೆಂಟ್ ಹಾಲು ಹೊಯ್ದು ಗುಡಿಸಿದವರ ಅಂಗಳ ಮೊದಲ ಬೇಸಿಗೆಯಲ್ಲೇ ಬಿರುಕು ಬಿಡುತ್ತದೆ. ಬ್ಲಾಕಿನ ಮುಖಕ್ಕೆ ಮೆತ್ತಿದ ಸಿಮೆಂಟ್ ಹೋಗುವುದಿಲ್ಲ. ನಾಳೆ ಅಡಿಯ ಪೈಪು ಒಡೆದರೆ ಬ್ಲಾಕನ್ನು ಇಡಿಯಾಗಿ ಎಬ್ಬಿಸಲೂ ಆಗುವುದಿಲ್ಲ. ಎಬ್ಬಿಸಿ ಮತ್ತೆ ಹಾಸಬಹುದು ಎಂಬುದೇ ಇಂಟರ್‌ಲಾಕಿನ ದೊಡ್ಡ ಲಾಭ, ಅದನ್ನೇ ಕೈಯಾರೆ ಕಳೆದುಕೊಂಡಂತೆ.

ಬೇಕಾದ್ದು ಒಣಗಿದ, ಜರಡಿ ಹಿಡಿದ ಎಂ-ಸ್ಯಾಂಡ್, 2.36 ಮಿಲಿಮೀಟರ್ ಜರಡಿಯಲ್ಲಿ ಇಳಿದದ್ದು. ಜಲ್ಲಿ ಪುಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ಹಿಟ್ಟಿನಂಥ ನುಣ್ಣಗಿನ ಭಾಗ ತೇವ ಹಿಡಿದಿಟ್ಟು ಹುಲ್ಲಿಗೆ ಮಣ್ಣಿನ ಕೆಲಸ ಮಾಡುತ್ತದೆ. ಕಡಲ ಹೊಯಿಗೆ (ಮರಳು) ಯಾವ ಕೆಲಸಕ್ಕೂ ಬೇಡ. ಉಪ್ಪು ಕಲ್ಲಿನ ಮೇಲೆ ಬೆಳ್ಳಗೆ ಏಳುತ್ತದೆ. 20×10 ಸೆಂಟಿಮೀಟರಿನ, 60 ಮಿಲಿಮೀಟರ್ ದಪ್ಪದ ಬ್ಲಾಕಿಗೆ 3 ಮಿಲಿಮೀಟರ್ ಸಂದಾದರೆ ಚದರ ಮೀಟರಿಗೆ 2.7 ಲೀಟರ್ ಮರಳು. 500 ಚದರಡಿಗೆ ಸುಮಾರು ನಾಲ್ಕೂವರೆ ಘನ ಅಡಿ. ಆರು ಘನ ಅಡಿ ತರಿಸಿ, ಉಳಿದದ್ದನ್ನು ಚೀಲಕ್ಕೆ ತುಂಬಿಸಿಡಿ. ಗುಡಿಸಿ ತುಂಬಿಸಿ, ಪ್ಲೇಟ್ ಕಂಪಾಕ್ಟರ್ (ಅದುರಿಸಿ ಒತ್ತುವ ಯಂತ್ರ) ಓಡಿಸಿ, ಮತ್ತೆ ಗುಡಿಸಿ ತುಂಬಿಸಿ. ಮೊದಲ ಮಳೆಗೆ ಮರಳು ಕುಸಿಯುವುದು ಸಹಜ, ಅದು ಕೆಲಸ ಕೆಟ್ಟದ್ದರ ಗುರುತಲ್ಲ. ಉಳಿಸಿದ ಮರಳು ಆಗ ಬೇಕು, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಬೇಕು.

ಹುಲ್ಲು ಬಂದೇ ಬರುತ್ತದೆ. ಇರುವೆಯೂ ಮರಳು ಎತ್ತಿ ಹಾಕುತ್ತದೆ. ಕಳೆನಾಶಕ ಹೊಡೆಯಿರಿ ಎಂದು ಸುಲಭದಲ್ಲಿ ಹೇಳಬಹುದಿತ್ತು. ಗೇರುತೋಪಿನ ಮೇಲೆ ಹೆಲಿಕಾಪ್ಟರಿನಿಂದ ಹೊಡೆದ ಎಂಡೋಸಲ್ಫಾನ್ ಎಂಬ ಕೀಟನಾಶಕ ಏನು ಮಾಡಿತೆಂದು ಕಂಡ ಜಿಲ್ಲೆಯಲ್ಲಿ, ಅದೂ ಬಾವಿಕಟ್ಟೆಯಿಂದ ಹತ್ತು ಹೆಜ್ಜೆ ದೂರದ ಅಂಗಳಕ್ಕೆ, ಆ ಸಲಹೆ ಕೊಡಲು ನಾಲಿಗೆ ಏಳುವುದಿಲ್ಲ. ಕುದಿವ ನೀರು ಹೊಯ್ದರೆ ಎಳೆಯ ಹುಲ್ಲು ಸಾಯುತ್ತದೆ. ಬೇರು ಬಲಿತದ್ದನ್ನು ಮಳೆ ನಿಂತ ಮರುದಿನ, ಮಣ್ಣು ಮೆದುವಿರುವಾಗ ಕೀಳಬೇಕು. ಉಪ್ಪು ಹಾಕಬೇಡಿ, ಬ್ಲಾಕಿಗೆ ಕೇಡು.

ಮರಳಿನ ಸಂದಿಗೆ ಇನ್ನೊಂದು ಗುಣವಿದೆ: ನೀರು ಇಂಗುತ್ತದೆ. ಬಾವಿಯನ್ನೋ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗವನ್ನೋ ನಂಬಿದ ಮನೆಗೆ ಅದು ಸಣ್ಣ ವಿಷಯವಲ್ಲ.

ಸಿಮೆಂಟ್ ಗಾರೆ: ಕಾಂಕ್ರೀಟಿನ ಮೇಲೆ ಕೂತ ಕಲ್ಲಿಗೆ

ತಾಂಡೂರು, ಕಡಪ, ಶಹಾಬಾದ್, ಬ್ಯಾಂಗಳೂರ್ ಸ್ಟೋನ್ ಎಂದು ಇಲ್ಲಿ ಕರೆಯುವ ಬೂದು ಗ್ರಾನೈಟು – ಇವನ್ನು ಕಾಂಕ್ರೀಟಿನ ಮೇಲೆ ಹಾಸಿದ್ದರೆ, ಸಂದು 8ರಿಂದ 20 ಮಿಲಿಮೀಟರ್ ಇದ್ದರೆ, ಗಾರೆಯೇ ಮೊದಲ ಆಯ್ಕೆ. ಅಡಿಕೆ, ಮೆಣಸು ಒಣಗಿಸುವವರಿಗಂತೂ ಕಲ್ಲಿನ ಮಟ್ಟಕ್ಕೆ ಸಮನಾಗಿ ತುಂಬಿಸಿದ ಗಾರೆಯನ್ನು ಮೀರಿಸಿದ್ದು ಇಲ್ಲ. ಗುಡಿಸಿದರೆ ಏನೂ ಏಳುವುದಿಲ್ಲ, ಏನೂ ಇಳಿಯುವುದಿಲ್ಲ.

ಅದೇ ಗಾರೆಯನ್ನು ಮರಳು ಹಾಸಿನ ಮೇಲಿನ ಕಲ್ಲಿಗೆ ತುಂಬಿಸಿದರೆ ಕೆಡುವ ಬಗೆ ಹೀಗೆ. ಕಲ್ಲಿನ ಮೂಲೆಗೆ ಭಾರ ಬಿದ್ದಾಗ ಅದು ಅರ್ಧ ಮಿಲಿಮೀಟರ್ ಕುಸಿಯುತ್ತದೆ. ಗಾರೆ ಒತ್ತಡ ತಾಳುತ್ತದೆ, ಎಳೆತ ತಾಳದು. ಕಲ್ಲಿನ ಅಂಚಿನುದ್ದಕ್ಕೂ ಕೂದಲಿನಂಥ ಬಿರುಕು ಬೀಳುತ್ತದೆ. ಮಳೆನೀರು ಅದರೊಳಗೆ ಇಳಿದು ಹಾಸಿನ ಮರಳನ್ನು ಕದಡುತ್ತದೆ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಅಂಥ ಕಲ್ಲಿನ ಮೇಲೆ ಕಾಲಿಟ್ಟರೆ ಪಕ್ಕದ ಸಂದಿನಿಂದ ‘ಪುಚಕ್’ ಎಂದು ಕೆಂಪು ನೀರು ಚಿಮ್ಮಿ ಪಾದದ ಗಂಟಿಗೆ ತಾಗುತ್ತದೆ. ಪ್ರತಿ ಸಲ ಚಿಮ್ಮಿದಾಗಲೂ ಒಂದು ಚಿಟಿಕೆ ಹಾಸು ಹೊರಗೆ ಬಂತೆಂದೇ ಲೆಕ್ಕ. ಸೆಪ್ಟೆಂಬರಿನ ಹೊತ್ತಿಗೆ ಕಲ್ಲು ತೊಟ್ಟಿಲಿನಂತೆ ಆಡುತ್ತಿರುತ್ತದೆ.

ಪ್ರಮಾಣ: ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಎಂ-ಸ್ಯಾಂಡ್. ಗೋಡೆ ಗಿಲಾಯಿಯ ಪಿ-ಸ್ಯಾಂಡ್ ತೀರಾ ನಯ, ಒಣಗುವಾಗ ಕುಗ್ಗಿ ಅಂಚು ಬಿಡುತ್ತದೆ. ಎರಡಡಿಗೆ ಎರಡಡಿ ಕಲ್ಲು, 10 ಮಿಲಿಮೀಟರ್ ಸಂದು, 30 ಮಿಲಿಮೀಟರ್ ಆಳವಾದರೆ ಚದರ ಮೀಟರಿಗೆ ಹೆಚ್ಚುಕಮ್ಮಿ ಒಂದು ಲೀಟರ್ ಗಾರೆ ಬೇಕು. 500 ಚದರಡಿಗೆ, ಚೆಲ್ಲಿಹೋಗುವುದನ್ನೂ ಸೇರಿಸಿ, ಅರ್ಧ ಚೀಲ ಸಿಮೆಂಟು ಮತ್ತು ಎರಡು ಘನ ಅಡಿ ಮರಳು. ಇಷ್ಟೇ. ಸಾಮಾನಿನ ಖರ್ಚು ಎಷ್ಟು ಕಡಿಮೆ ಎಂದು ಇದರಿಂದ ಗೊತ್ತಾಗುತ್ತದೆ. ಎರಡಾಳಿನ ಎರಡು ದಿನದ ಕೂಲಿಯೇ ನಿಜವಾದ ಖರ್ಚು. ಹಾಗಾಗಿ ಇಲ್ಲಿ ಸಿಮೆಂಟು ಉಳಿಸಲು ಹೋಗುವುದು ದಡ್ಡತನ.

ನೀರು ಕಡಿಮೆ ಹಾಕುವುದೇ ಗುಟ್ಟು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಿಂದ ನೀರು ಬರಬಾರದು. ತೆಳ್ಳಗೆ ಕಲಸಿ ಕಲ್ಲಿನ ಮೇಲೆಲ್ಲ ಹೊಯ್ದು ವೈಪರಿನಲ್ಲಿ ಎಳೆಯುವುದು ಬೇಗ ಮುಗಿಯುತ್ತದೆ ನಿಜ, ಆದರೆ ಗಾರೆ ಕುಗ್ಗುತ್ತದೆ, ಕಲ್ಲಿನ ಮುಖಕ್ಕೆ ಹಾಲುಬಣ್ಣದ ಪೊರೆ ಕೂರುತ್ತದೆ. ಆ ಪೊರೆ ತೆಗೆಯಲು ಆಸಿಡ್ ತರುತ್ತಾರೆ, ಅಲ್ಲಿಂದ ಎರಡನೆಯ ಅನಾಹುತ. ತಾಂಡೂರು, ಕಡಪ, ಶಹಾಬಾದ್, ಕೋಟಾ ಎಲ್ಲವೂ ಸುಣ್ಣದ ಕಲ್ಲು. ಆಸಿಡ್ ಬಿದ್ದಲ್ಲಿ ನೊರೆ ಬಂದು ಹೊಳಪು ಹೋಗಿ ಮುಖ ಒರಟಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಕ್ರಮ ಹೀಗೆ: ಸಂದನ್ನು ಕಲ್ಲಿನ ಪೂರ್ತಿ ದಪ್ಪಕ್ಕೆ ಕೆರೆದು, ಬ್ಲೋವರಿನಿಂದಲೋ ಬ್ರಶ್ಶಿನಿಂದಲೋ ಧೂಳು ತೆಗೆಯಿರಿ. ನೀರು ಚಿಮುಕಿಸಿ, ನಿಂತ ನೀರು ಆರುವ ತನಕ ಕಾಯಿರಿ. ಒಣಕಲ್ಲು ಗಾರೆಯ ನೀರು ಹೀರಿದರೆ ಅಂಟು ಕೂಡುವುದಿಲ್ಲ. ಸಣ್ಣ ಕರಣೆಯಿಂದ ಎರಡು ಸಲಕ್ಕೆ ಒತ್ತಿ ತುಂಬಿಸಿ, 10 ಮಿಲಿಮೀಟರಿನ ಬಗ್ಗಿಸಿದ ಸರಳಿನಿಂದ ಎಳೆದು ನಯ ಮಾಡಿ. ಮೆಣಸು ಒಣಗಿಸುವವರು ಸರಳು ಎಳೆಯಬೇಡಿ, ಕರಣೆಯಲ್ಲೇ ಸಮ ಮಾಡಿಸಿ. ಚೆಲ್ಲಿದ ಗಾರೆಯನ್ನು ಅರ್ಧ ಗಂಟೆಯೊಳಗೆ ಒಣ ಬ್ರಶ್ಶಿನಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕಲೆ ಹರಡುತ್ತದೆ. ಏಳು ದಿನ ಒದ್ದೆ ಗೋಣಿ ಹೊದೆಸಿಡಿ. ನಡೆದಾಡಲು ಎರಡು ದಿನ, ಕಾರಿಗೆ ಏಳು ದಿನ ಕಾಯಬೇಕು.

ಗಾರೆಯ ಅಂಗಳಕ್ಕೆ ಹಿಗ್ಗಲು ಜಾಗ ಬಿಡುವುದನ್ನು ಹೆಚ್ಚಿನವರು ಮರೆಯುತ್ತಾರೆ. ಮೂರು-ಮೂರೂವರೆ ಮೀಟರಿಗೊಂದು ಸಂದನ್ನೂ, ಮನೆಯ ಗೋಡೆ, ತುಳಸಿಕಟ್ಟೆ, ಮೆಟ್ಟಿಲಿಗೆ ತಾಗುವ ಸಂದನ್ನೂ ಗಾರೆಯಿಂದ ತುಂಬಿಸದೆ, ಒಳಗೆ ಫೋಮಿನ ಹಗ್ಗ ಇಟ್ಟು ಮೇಲೆ ಪಿಯು ಸೀಲೆಂಟ್ (ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಾಲಿಯುರೆಥೇನ್ ಅಂಟು) ಹಾಕಬೇಕು. 10 ಮಿಲಿಮೀಟರ್ ಅಗಲಕ್ಕೆ 6 ಮಿಲಿಮೀಟರ್ ಆಳ ಸಾಕು, 600 ಮಿಲಿಲೀಟರಿನ ಒಂದು ಪ್ಯಾಕು 10 ಮೀಟರಿಗೆ ಬರುತ್ತದೆ. ಇದನ್ನು ಬಿಟ್ಟ ಅಂಗಳದಲ್ಲಿ ಏಪ್ರಿಲಿನ ಬಿಸಿಲಿಗೆ ಕಲ್ಲುಗಳು ಡೇರೆಯಂತೆ ಎದ್ದು ನಿಂತದ್ದುಂಟು.

ಮುರಕಲ್ಲನ್ನೇ (ಕೆಂಪು ಜಂಬಿಟ್ಟಿಗೆ) ಹಾಸಿದವರಿಗೆ ಒಂದು ತಿದ್ದುಪಡಿ. ಅದು ಮೆದು ಕಲ್ಲು, ನೀರು ಕುಡಿಯುವ ಕಲ್ಲು. 1:3ರ ಗಾರೆ ಅದಕ್ಕಿಂತ ಗಟ್ಟಿ; ವರ್ಷ ಹೋದಂತೆ ಕಲ್ಲು ಸವೆದು ಸಂದು ಏಣಿನಂತೆ ಮೇಲೆ ಉಳಿಯುತ್ತದೆ, ಬರಿಗಾಲಿಗೆ ಚುಚ್ಚುತ್ತದೆ. 1:6 ಇರಲಿ, ಅಥವಾ ಸುಣ್ಣ ಸೇರಿಸಿದ ಗಾರೆ.

ರೆಡಿ ಗ್ರೌಟ್, ಎಪಾಕ್ಸಿ, ಪಾಲಿಮರ್ ಮರಳು

ಅಂಗಡಿಯ ಸಿಮೆಂಟ್ ಗ್ರೌಟ್ (ಸಂದಿಗೆ ತುಂಬಿಸುವ ಸಿದ್ಧ ಪುಡಿ) ಟೈಲಿಗೆ ಮಾಡಿದ್ದು. ಮರಳು ಸೇರಿದ ಬಗೆ 3ರಿಂದ 12 ಮಿಲಿಮೀಟರ್ ಸಂದಿಗೆ ಸರಿ. ಬಣ್ಣ ಮೊದಲೇ ಕೂಡಿರುವುದರಿಂದ ಮನೆಯಲ್ಲಿ ಕಲಸಿದ್ದಕ್ಕಿಂತ ಸಮನಾಗಿ ಬರುತ್ತದೆ, ನೀರನ್ನು ಪ್ರತಿ ಸಲವೂ ಅಳೆದು ಹಾಕಿದರೆ. ಕಣ್ಣಳತೆಯಲ್ಲಿ ಹಾಕಿದರೆ ನೀರು ಹೆಚ್ಚಾದ ಕಡೆ ಬಿಳಿಚಿಕೊಂಡು ತೇಪೆ ಹಾಕಿದಂತೆ ಕಾಣುತ್ತದೆ. ಪೋರ್ಚಿನ ಪಾರ್ಕಿಂಗ್ ಟೈಲಿಗೆ ಇದು ಸಾಕು.

ಎಪಾಕ್ಸಿಯ (ಎರಡು ಭಾಗ ಕಲಸಿದಾಗ ಗಟ್ಟಿಯಾಗುವ ರಾಳದ ಗ್ರೌಟು) ಬಗ್ಗೆ ಈಗ ಭಾರೀ ಮೋಹ. ಅದು ನೀರು ಕುಡಿಯುವುದಿಲ್ಲ, ಎಣ್ಣೆ, ಅರಿಶಿನ, ಎಲೆಅಡಿಕೆಯ ಕಲೆ ಹಿಡಿಯುವುದಿಲ್ಲ, ಪಾಚಿಗೆ ಬೇರೂರಲು ಎಡೆ ಕೊಡುವುದಿಲ್ಲ. ಮಾಡಿನ ಕೆಳಗಿನ ಸಿಟ್‌ಔಟಿಗೆ, ಅಡುಗೆಮನೆ ಹಿಂದಿನ ತೊಳೆಯುವ ಜಾಗಕ್ಕೆ ಕೊಟ್ಟ ದುಡ್ಡು ಸಾರ್ಥಕ. 2 ಅಡಿಯ ಟೈಲು, 3 ಮಿಲಿಮೀಟರ್ ಸಂದು, 10 ಮಿಲಿಮೀಟರ್ ಆಳವಾದರೆ 150 ಚದರಡಿಗೆ ಎರಡೂವರೆ ಕಿಲೋ ಸಾಕಾಗುತ್ತದೆ. ಬಿಸಿಲು ಬೀಳುವ ಅಂಗಳಕ್ಕೆ ಮಾತ್ರ ಬೇಡ: ಬಿಸಿಲಿಗೆ ಅದು ಹಳದಿ ತಿರುಗುತ್ತದೆ, ತಿಳಿ ಬಣ್ಣದಲ್ಲಿ ಬೇಗ ಗೊತ್ತಾಗುತ್ತದೆ. ಅಗಲ ಸಂದಿಗೆ ಖರ್ಚೂ ಕೈ ಮೀರುತ್ತದೆ. ಕಲಸಿದ ಮೇಲೆ ಸಿಗುವುದು ಅರ್ಧದಿಂದ ಮುಕ್ಕಾಲು ಗಂಟೆ, ನಮ್ಮ ಸೆಕೆಯಲ್ಲಿ ಇನ್ನೂ ಕಡಿಮೆ. ಹದಿನೈದಿಪ್ಪತ್ತು ನಿಮಿಷದೊಳಗೆ ಸ್ಪಂಜಿನಿಂದ ಒರೆಸದಿದ್ದರೆ ಟೈಲಿನ ಮೇಲೆ ಮೇಣದಂಥ ಪೊರೆ ಶಾಶ್ವತ. ಕಲಸುವವರು ಗ್ಲೌಸು ಹಾಕಿರಲೇಬೇಕು.

ಪಾಲಿಮರ್ ಮರಳೆಂದರೆ ಅಂಟು ಬೆರೆಸಿದ ಮರಳು. ಒಣಗಿಯೇ ಗುಡಿಸಿ ತುಂಬಿಸಿ ಮೇಲೆ ನೀರು ಚಿಮುಕಿಸಿದರೆ ಗಟ್ಟಿಯಾಗುತ್ತದೆ, ಹುಲ್ಲು-ಇರುವೆ ಕಡಿಮೆ, ಅಲ್ಪಸ್ವಲ್ಪ ಅಲುಗಾಟ ತಾಳುತ್ತದೆ. ಮರಳು ಹಾಸಿನ ಕಲ್ಲಿಗೆ ಹೇಳಿ ಮಾಡಿಸಿದಂತಿದೆ, ಆದರೆ ನಮ್ಮ ಮಳೆಗೆ ಹೇಳಿ ಮಾಡಿಸಿದ್ದಲ್ಲ. ನೆನೆದಾಗ ಅದರ ಅಂಟು ಮೆತ್ತಗಾಗುತ್ತದೆ, ಒಣಗಿದಾಗ ಮತ್ತೆ ಬಿಗಿಯುತ್ತದೆ. ಜೂನ್‌ನಿಂದ ಮೂರು ತಿಂಗಳು ಒಣಗುವ ಅವಕಾಶವೇ ಸಿಗದ ನೆರಳಿನ ಅಂಗಳದಲ್ಲಿ ಅದು ಮೆತ್ತಗೇ ಉಳಿದು ಪಾಚಿ ಕಟ್ಟುತ್ತದೆ. ಅಡಿಯಲ್ಲಿ ಕಾಂಕ್ರೀಟಿದ್ದರೆ ನೀರು ಇಳಿಯಲಾಗದೆ ಇನ್ನೂ ಕಷ್ಟ. ನೀರು ಬೇಗ ಇಂಗುವ, ಬಿಸಿಲು ಬೀಳುವ, ಕಾರು ಬಾರದ ಕಾಲುದಾರಿಗೆ ಪರವಾಗಿಲ್ಲ. ಹಾಕುವ ದಿನ ಕಲ್ಲು ಪೂರ್ತಿ ಒಣಗಿರಬೇಕು, ಮೇಲಿನ ಪುಡಿಯನ್ನು ಬ್ಲೋವರಿನಿಂದ ಊದಿಯೇ ನೀರು ಹಾಕಬೇಕು, 24 ಗಂಟೆ ಮಳೆ ಬರಬಾರದು. ಪುಡಿ ಉಳಿದರೆ ಕಲ್ಲಿನ ಮೇಲೆ ಬಿಳಿ ಮಬ್ಬು. ಗಾರೆಗೆ ಹೇಳಿದ ಅಳತೆಯ 500 ಚದರಡಿಗೆ 25 ಕಿಲೋದ ಮೂರು ಚೀಲ ಬೇಕು. ಅರ್ಧ ಚೀಲ ಸಿಮೆಂಟಿನ ಎದುರು ಇದು ಬಲು ದುಬಾರಿ.

ಹುಲ್ಲು ಮತ್ತು ಬಿಳಿ ಕಲ್ಲು

ಕಲ್ಲಿನ ನಡುವೆ ಮೂರು-ನಾಲ್ಕು ಇಂಚು ಬಿಟ್ಟು ಹಸುರು ಪಟ್ಟಿ ಹಾಕುವುದು ಈಗಿನ ಹೊಸಮನೆಗಳ ವಾಡಿಕೆ. ಫೋಟೋದಲ್ಲಿ ಚಂದ. ಪ್ಲಾಸ್ಟಿಕ್ ಹುಲ್ಲಿನಲ್ಲಿ ಹಲಸಿನೆಲೆ, ಕೆಂಪು ಮಣ್ಣು ಸಿಕ್ಕಿಕೊಂಡರೆ ಹಿಡಿಸೂಡಿಗೆ ಬರುವುದಿಲ್ಲ. ಬಿಸಿಲಿಗೆ ಬಣ್ಣ ಮಾಸಿ ಎಳೆ ಉದುರುತ್ತದೆ. ನಿಜವಾದ ಹುಲ್ಲಾದರೆ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕತ್ತರಿಸಬೇಕು, ಏಪ್ರಿಲಿನಲ್ಲಿ ಬಾವಿ ಬತ್ತುವಾಗ ನೀರುಣಿಸಬೇಕು. ನೀರು ಇಂಗುವುದೊಂದು ಲಾಭ. ಬಿಳಿ ಉರುಟು ಕಲ್ಲು ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಹಸುರಾಗುತ್ತದೆ, ಚಕ್ರದ ಅಡಿಯಿಂದ ಸಿಡಿಯುತ್ತದೆ, ಅಡಿಕೆ ಗೋಣಿಯೊಳಗೆ ಹೋಗುತ್ತದೆ. ಅಡಿಕೆ ಒಣಗಿಸುವವರಿಗೆ ಎರಡೂ ಬೇಡ. ಉಳಿದವರು ಹಾಕುವುದಾದರೆ ಗೇಟಿನ ಬದಿಯ ಒಂದು ತುಂಡು ಜಾಗಕ್ಕೆ ಹಾಕಿ ಆಸೆ ತೀರಿಸಿಕೊಳ್ಳಬಹುದು.

ಬಣ್ಣ

ಕಾಸರಗೋಡಿನಲ್ಲಿ ಅಂಗಳಕ್ಕೆ ಬಣ್ಣ ಹಾಕುವುದು ಮಳೆ. ಗುಡ್ಡದ ಕೆಂಪು ಮಣ್ಣು ಕಾಲಿಗೆ, ಚಕ್ರಕ್ಕೆ ಅಂಟಿ ಬಂದು ಸಂದಿನಲ್ಲಿ ಕೂರುತ್ತದೆ. ನೆರಳಿನ ಬದಿಯಲ್ಲಿ ಅದರ ಮೇಲೆ ಕಪ್ಪು ಪಾಚಿ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ತುಕ್ಕಿನ ಗೆರೆ. ಹಸಿ ಅಡಿಕೆಯ ತೊಗರು (ಕಂದು ಕಲೆಯ ರಸ) ಇನ್ನೊಂದು. ಆದ್ದರಿಂದ ಬಿಳಿ, ಕೆನೆಬಣ್ಣದ ಸಂದು ತೆರೆದ ಅಂಗಳದಲ್ಲಿ ಒಂದು ವರ್ಷವೂ ಆ ಬಣ್ಣದಲ್ಲಿ ಉಳಿಯುವುದಿಲ್ಲ. ತಿಳಿ ಬಣ್ಣ ಬೇಕೇ ಬೇಕೆನ್ನುವವರು ಮಾಡಿನ ಕೆಳಗೆ ಹಾಕಲಿ.

ಹಾಗೆಂದು ಕಡುಕಪ್ಪೂ ಒಳ್ಳೆಯದಲ್ಲ. ಸಿಮೆಂಟಿನೊಳಗಿನ ಸುಣ್ಣದಂಶ ನೀರಿನೊಡನೆ ಮೇಲೆ ಬಂದು ಗಾಳಿ ತಾಗಿ ಬೆಳ್ಳಗೆ ಗಟ್ಟಿಯಾಗುತ್ತದೆ. ಬೂದಿ ಬಣ್ಣದ ಸಂದಿನಲ್ಲಿ ಅದು ಕಣ್ಣಿಗೇ ಬೀಳದು, ಕಪ್ಪಿನ ಮೇಲೆ ವಿಭೂತಿ ಬಳಿದಂತೆ ಎದ್ದು ಕಾಣುತ್ತದೆ. ಒಂದೆರಡು ಮಳೆಗಾಲದಲ್ಲಿ ತಾನಾಗಿ ಕಡಿಮೆಯಾಗುತ್ತದಾದರೂ ಅಲ್ಲಿಯ ತನಕ ನೋಡುತ್ತಿರಬೇಕು.

ಬೂದು ಗ್ರಾನೈಟಿಗೆ ಬಣ್ಣವಿಲ್ಲದ ಸಾದಾ ಗಾರೆಯೇ ಸಾಕು. ಕಲ್ಲಿಗಿಂತ ಒಂದೆಳೆ ಗಾಢ ಬೇಕಿದ್ದರೆ ಸಿಮೆಂಟಿನ ತೂಕದ ಶೇಕಡಾ 1ರಷ್ಟು ಕಪ್ಪು ಆಕ್ಸೈಡ್. ಕಪ್ಪು ಕಡಪಕ್ಕೆ ಗಾಢ ಬೂದು, ಶೇಕಡಾ 2-3. ಹಳದಿ ತಾಂಡೂರಿಗೆ ಶೇಕಡಾ 3 ಹಳದಿ ಆಕ್ಸೈಡಿಗೆ ಚಿಟಿಕೆ ಕಂದು ಸೇರಿಸಿದರೆ ಮಣ್ಣಿನ ಬಣ್ಣಕ್ಕೆ ಹೊಂದುತ್ತದೆ. ಬೂದು ಸಿಮೆಂಟಿನಲ್ಲಿ ಹಳದಿ ಮಂಕಾಗಿ ಬರುತ್ತದೆ, ಸ್ವಚ್ಛ ಹಳದಿಗೆ ಬಿಳಿ ಸಿಮೆಂಟೇ ಬೇಕು. ಮುರಕಲ್ಲು, ಕೆಂಪು ಟೈಲಿಗೆ ಶೇಕಡಾ 4-5 ಕೆಂಪು ಆಕ್ಸೈಡ್, ಹಳೆಮನೆಗಳ ಕೆಂಪು ನೆಲಕ್ಕೆ ಹಾಕುತ್ತಿದ್ದದ್ದೇ. ಈ ಜಿಲ್ಲೆಯ ಮಣ್ಣಿಗೆ ಇದರಷ್ಟು ಹೊಂದುವ ಬಣ್ಣ ಬೇರೆ ಇಲ್ಲ. ಮಣ್ಣು ಬಿದ್ದದ್ದೇ ಗೊತ್ತಾಗುವುದಿಲ್ಲ.

ಅರ್ಧ ಚೀಲ ಸಿಮೆಂಟಿಗೆ ಶೇಕಡಾ 5 ಎಂದರೆ 1 ಕಿಲೋ 250 ಗ್ರಾಂ. ಶೇಕಡಾ 10 ದಾಟಿದರೆ ಬಣ್ಣ ಹೆಚ್ಚುವುದಿಲ್ಲ, ಗಾರೆಯ ಬಲ ಮಾತ್ರ ಕುಗ್ಗುತ್ತದೆ. ಐರನ್ ಆಕ್ಸೈಡನ್ನೇ ಕೇಳಿ ತೆಗೆದುಕೊಳ್ಳಿ, ಬಿಸಿಲಿಗೆ ಮಾಸುವುದಿಲ್ಲ. ಹಸುರು, ನೀಲಿ ಪುಡಿಗಳಲ್ಲಿ ಅಗ್ಗದವು ಮಾಸುತ್ತವೆ. ಮುಷ್ಟಿ ಲೆಕ್ಕದಲ್ಲಿ ಹಾಕಿದರೆ ಒಂದು ಬದಿ ಒಂದು ಬಣ್ಣ, ಇನ್ನೊಂದು ಬದಿ ಇನ್ನೊಂದು. ಇಡೀ ಅಂಗಳಕ್ಕೆ ಬೇಕಾದ ಸಿಮೆಂಟು, ಬಣ್ಣವನ್ನು ಒಣಗಿಯೇ ಒಟ್ಟಿಗೆ ಬೆರೆಸಿ, ಗಂಟೆಗೆ ಬೇಕಾದಷ್ಟನ್ನೇ ಆಗಾಗ ಮರಳು-ನೀರು ಸೇರಿಸಿ ಕಲಸಬೇಕು. ಹಸಿ ಗಾರೆಯ ಬಣ್ಣ ನೋಡಿ ತೀರ್ಮಾನಿಸಬೇಡಿ, ಒಣಗಿದರೆ ಅದು ಎಷ್ಟೋ ತಿಳಿಯಾಗುತ್ತದೆ. ಕಲ್ಲಿನ ಎರಡು ತುಂಡುಗಳ ನಡುವೆ ಮೂರು ಬಗೆ ತುಂಬಿಸಿ, ವಾರ ಬಿಟ್ಟು, ಒಣಗಿರುವಾಗ ಒಮ್ಮೆ, ನೀರು ಹಾಕಿ ಒಮ್ಮೆ ನೋಡಿ. ಕಲ್ಲಿನ ಅಂಚಿಗೆ ಬಣ್ಣ ಹೀರಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಕಲ್ಲು ಕತ್ತರಿಸಿದ್ದು ಸೊಟ್ಟವಾಗಿದ್ದರೆ ಕಲ್ಲಿನ ಬಣ್ಣಕ್ಕೇ ಹತ್ತಿರದ ಸಂದು ಮಾಡಿಸಿ, ದೋಷ ಮುಚ್ಚುತ್ತದೆ. ಎದ್ದು ಕಾಣುವ ಬಣ್ಣ ಗೆರೆ ನೇರವಿದ್ದವರಿಗೆ ಮಾತ್ರ.

ಯಾರಿಗೆ ಯಾವುದು, ಯಾವಾಗ

ತೋಟದ ಮನೆಯ ಕಣದಂಥ ಅಂಗಳಕ್ಕೆ: ಕಾಂಕ್ರೀಟು, ಗ್ರಾನೈಟು, ಸಮಮಟ್ಟದ ಸಾದಾ ಅಥವಾ ಕಂದು ಗಾರೆ. ಕೈ ಬಿಗಿಯಿದ್ದು ಕಾಂಕ್ರೀಟು ಹಾಕಲಾಗದಿದ್ದರೆ ಇಂಟರ್‌ಲಾಕ್, ಮರಳು. ಮೆಣಸಿಗೆ ಟಾರ್ಪಾಲು ಹಾಸಿ. ಮಂಜೇಶ್ವರ, ಕುಂಬಳೆಯ ಕಡಲ ಬದಿಯ ಮನೆಗೆ ಹಾಸು ಸಾಮಾನ್ಯವಾಗಿ ಹೊಯಿಗೆಯ ನೆಲದ ಮೇಲೆ ಇರುತ್ತದೆ, ಅದು ಕುಸಿಯುತ್ತಲೇ ಇರುತ್ತದೆ. ಅಲ್ಲಿ ಗಾರೆಯ ಆಸೆ ಬಿಟ್ಟು ಮರಳಿನ ಸಂದು ಇಟ್ಟುಕೊಳ್ಳುವುದು ಜಾಣತನ. ವಯಸ್ಸಾದವರು ಕೋಲೂರಿ ನಡೆಯುವ ಅಂಗಳದಲ್ಲಿ ಸಂದು ತಗ್ಗಾಗಿರಬಾರದು, ಉರುಟು ಕಲ್ಲು ಬೇಡವೇ ಬೇಡ. ಸಿಟ್‌ಔಟಿಗೆ ಎಪಾಕ್ಸಿ, ಅದರ ಮೆಟ್ಟಿಲಿಳಿದ ಮೇಲೆ ಗಾರೆ – ಹೀಗೆ ಒಂದೇ ಮನೆಗೆ ಎರಡು ಹಾಕುವುದರಲ್ಲಿ ತಪ್ಪೇನಿಲ್ಲ.

ಕೆಲಸದ ಹೊತ್ತಿನದ್ದೇ ಒಂದು ತಕರಾರು. ಮಳೆ ಇಲ್ಲದ ಒಳ್ಳೆಯ ತಿಂಗಳುಗಳಲ್ಲಿ ಅಂಗಳದ ತುಂಬ ಅಡಿಕೆ ಇರುತ್ತದೆ. ಅಡಿಕೆ ಏಳುವಷ್ಟರಲ್ಲಿ ಏಪ್ರಿಲು. ಬಿಸಿಲಿಗೆ ಗಾರೆ ಬೇಗ ಒಣಗಿ ಬಿರಿಯುತ್ತದೆ, ಸಂಜೆ ಗುಡುಗು ಮಳೆ ಬಂದರೆ ಹಸಿ ಗಾರೆಯನ್ನೇ ತೊಳೆದು ಹಾಕುತ್ತದೆ. ಏಪ್ರಿಲಿನಲ್ಲಿ ಮಾಡುವುದಾದರೆ ಬೆಳಗ್ಗೆ ಹತ್ತರೊಳಗೆ ಮುಗಿಸಿ, ಮಡಲು ಅಥವಾ ಸೋಗೆ ಹೊದೆಸಿ, ಟಾರ್ಪಾಲು ಕೈಗೆಟಕುವಂತೆ ಇಟ್ಟುಕೊಳ್ಳಿ. ಪತ್ತನಾಜೆಗೆ (ಮೇ 24ರ ಸುಮಾರಿಗೆ) ಹದಿನೈದು ದಿನ ಮೊದಲೇ ಮುಗಿದಿರಬೇಕು. ಇದಕ್ಕಿಂತ ಒಳ್ಳೆಯ ಹೊತ್ತು ತುಲಾಮಾಸದ (ಅಕ್ಟೋಬರ್-ನವೆಂಬರ್) ಮಳೆ ನಿಂತು ಅಡಿಕೆ ಅಂಗಳಕ್ಕೆ ಇಳಿಯುವ ಮೊದಲಿನ ಎರಡು-ಮೂರು ವಾರ. ಮೇಸ್ತ್ರಿಗೆ ನವರಾತ್ರಿಯ ಹೊತ್ತಿಗೇ ಹೇಳಿಡಿ.

ಉಳಿದ ಸಿಮೆಂಟು-ಬಣ್ಣದ ಒಣಮಿಶ್ರಣ ಆರು ತಿಂಗಳಲ್ಲಿ ಗಂಟು ಕಟ್ಟುತ್ತದೆ, ಇಟ್ಟು ಪ್ರಯೋಜನವಿಲ್ಲ. ಬಣ್ಣದ ಪುಡಿಯನ್ನು ಮಾತ್ರ ಬೇರೆ ಅರ್ಧ ಕಿಲೋ ಡಬ್ಬಕ್ಕೆ ಹಾಕಿ ಗಟ್ಟಿ ಮುಚ್ಚಿಡಿ. ಮುಚ್ಚಳದ ಮೇಲೆ ಸಿಮೆಂಟಿನ ಹೆಸರು, ಮರಳು ಎಲ್ಲಿಂದ ತಂದದ್ದು, ಶೇಕಡಾ ಎಷ್ಟು ಎಂದು ಮಾರ್ಕರಿನಲ್ಲಿ ಬರೆಯಿರಿ. ಮೂರು ವರ್ಷ ಕಳೆದು ಒಂದು ಸಂದು ಎದ್ದಾಗ ಬೇಕಾಗುವುದು ಆ ಮುಚ್ಚಳ.